ಅರ್ಧ ಪಿಕಪ್ಪಿನ ಬೀಗತನ

೨ ನವೆಂಬರ್ ೨೦೨೪, ಶನಿವಾರ, ಪಾಡ್ಯ

ಇವತ್ತು ಸಿದ್ಧೇಶ್ವರ ಗುಡಿಯ ಮುಂದೆ ನನ್ನ ಹೊಸ ಪಿಕಪ್ಪಿಗೆ ಪೂಜೆ ಆಯಿತು. ನನ್ನ ಎಂದು ಬರೆದೆನೇ? ಲೆಕ್ಕದ ಮನುಷ್ಯ ಲೆಕ್ಕ ತಪ್ಪಬಾರದು. ಅರ್ಧ ನನ್ನದು. ಉಳಿದರ್ಧ ಜೈನಾಪುರದ ಅಮೋಘಸಿದ್ದನದು.

ಅವನ ಮಗ ಅಪ್ಪುವಿಗೆ ನನ್ನ ಮಗಳು ಸುಧಾರಾಣಿಯನ್ನು ಕೊಡುವುದೆಂದು ನಿಶ್ಚಯವಾಗಿದೆ. ಯುಗಾದಿ ಆದಮೇಲೆ ಲಗ್ನ. ನಿಶ್ಚಯದ ದಿನ ಊಟ ಮುಗಿದು ಎಲೆ ಅಡಿಕೆ ತಿರುಗುವಾಗ ನಾನೇ ಬಾಯಿ ಬಿಟ್ಟೆ. ಟಿಕೋಟಾ, ಬಬಲೇಶ್ವರ ಕಡೆಯ ತೋಟಗಳಿಂದ ಒಣದ್ರಾಕ್ಷಿ ಬಾಕ್ಸು ತರಲು ನನಗೊಂದು ಗಾಡಿ ಬೇಕು. ಸಂತೆಗೆ ಕುರಿ ಸಾಗಿಸಲು ಅವನಿಗೊಂದು ಬೇಕು. ಎರಡು ಹಳೆ ಗಾಡಿಯ ಬದಲು ಕೂಡಿ ಒಂದು ಹೊಸದು ಕೊಳ್ಳೋಣ, ಸೋಮವಾರದಿಂದ ಬುಧವಾರ ನನ್ನದು, ಗುರುವಾರದಿಂದ ರವಿವಾರ ನಿಮ್ಮದು ಎಂದೆ. ಕೂತವರೆಲ್ಲ ತಲೆದೂಗಿದರು. ನನ್ನ ಮಾತಿಗೆ ಜನ ತಲೆದೂಗುವುದು ಹೊಸದಲ್ಲ. ಎಪಿಎಂಸಿಯಲ್ಲಿ ಚೀಲ ಹೊರುತ್ತಿದ್ದವನು ದಲಾಲಿಯಾದದ್ದು ಬೆನ್ನಿನ ಬಲದಿಂದಲ್ಲ, ಈ ನಾಲಿಗೆಯ ಮೇಲೆ.

ತಲೆದೂಗದವಳು ನನ್ನ ಹೆಂಡತಿ ಮಹಾನಂದಾ ಒಬ್ಬಳೇ. ಇವತ್ತೂ ಗಾಡಿಗೆ ಕುಂಕುಮ ಹಚ್ಚುತ್ತ ಅಂದಳು:

“ಬೀಗರ ಜೋಡಿ ಪಾಲುದಾರಿಕಿ ಮಾಡೋದು ಎಲ್ಲರ ಕೇಳೀರೇನು? ನಾಳೆ ಗಾಡಿಗೆ ಏನರ ಆತಂದ್ರ ಅವರಿಗೆ ಮಾರಿ ಹೆಂಗ ತೋರಸ್ತೀರಿ?”

“ಹೊಸಾ ಗಾಡಿಗೆ ಏನ್ ಆಕ್ಕೈತಿ?” ಎಂದೆ. ಚಕ್ರದ ಕೆಳಗಿನ ನಿಂಬೆಹಣ್ಣು ಅಪ್ಪಚ್ಚಿಯಾಯಿತು.

೧೦ ನವೆಂಬರ್, ರವಿವಾರ

ಅಮೋಘಸಿದ್ದನ ಪಾಳಿ ಮುಗಿದು ಗಾಡಿ ಸಂಜೆ ನಮ್ಮ ಇಬ್ರಾಹಿಂಪುರಕ್ಕೆ ಬಂತು. ಮದುವೆ ಮನೆಗೆ ಕಳಿಸಿದ ಮಗ ಉಸುಕಿನ ರಾಶಿಯಲ್ಲಿ ಹೊರಳಾಡಿ ಬಂದಹಾಗಿತ್ತು. ಹಿಂದೆ ಹುಲ್ಲು, ಹಿಕ್ಕಿ, ಕುರಿಯ ಉಣ್ಣೆ. ನಾನೂ ಕುರಿ ಕಾಯ್ದವನ ಮಗನೇ. ಆದರೆ ರೈಲುಹಳಿಯ ಪಕ್ಕ ಸ್ವಂತ ಮನೆ ಕಟ್ಟಿದಂದಿನಿಂದ ನನ್ನ ಮೂಗು ಮಾತ್ರ ಸಾಹುಕಾರನಾಗಿದೆ.

ಜೋರಾಗಿ ನೀರು ಹಾರಿಸುವ ಪ್ರೆಶರ್ ಪಂಪು ತಂದು ಅಂಗಳದ ಬೋರಿಗೆ ಹಚ್ಚಿದೆ. ಗಾಡಿಯ ಮೇಲ್ಭಾಗವನ್ನು ಯಾರಾದರೂ ತೊಳೆಯುತ್ತಾರೆ. ನಾನು ಮಕ್ಕೊಂಡು ತಳ ತೊಳೆಯುತ್ತೇನೆ. ಯಾರೂ ನೋಡದ ಜಾಗವನ್ನು ತೊಳೆಯುವವನೇ ನಿಜವಾದ ಮಾಲೀಕ ಎಂದು ಓಣಿಗೆಲ್ಲ ಕೇಳುವಂತೆ ಹೇಳಿದೆ. ಓಣಿಯವರು ನೆನೆದ ನನ್ನ ಅಂಗಿಯನ್ನೇ ನೋಡುತ್ತಿದ್ದರು.

೨೩ ಡಿಸೆಂಬರ್, ಸೋಮವಾರ

ಟಿಕೋಟಾದ ಹತ್ತಿರ ಚಕ್ರ ಪಂಕ್ಚರ್ ಆಯಿತು. ಜ್ಯಾಕು ಹಚ್ಚಲು ಕೆಳಗೆ ಬಗ್ಗಿದೆ. ಇಷ್ಟು ದಿನ ನೀರಿನ ಸಿಡಿತದಲ್ಲಿ ಕಣ್ಣು ಮುಚ್ಚಿಕೊಂಡೇ ತೊಳೆದವನು ಮೊದಲ ಸಲ ಕಣ್ಣು ಬಿಟ್ಟು ನೋಡಿದೆ. ಚಾಸಿಯ ಬೆಸುಗೆಗಳಲ್ಲಿ, ಬೋಲ್ಟಿನ ತಲೆಗಳ ಮೇಲೆ, ಸೈಲೆನ್ಸರಿನ ಕೊಂಡಿಯಲ್ಲಿ ಅರಿಸಿನ ಕುಂಕುಮ ಕಲಸಿ ಸವರಿದ ಬಣ್ಣ. ಪೂಜೆಯದೇ ಉಳಿದಿದೆಯೇನೋ ಎಂದು ಉಗುರಿನಿಂದ ಕೆರೆದೆ. ಉಗುರಿನಲ್ಲಿ ಬಂದದ್ದು ತುಕ್ಕು.

ಎರಡು ತಿಂಗಳೂ ತುಂಬದ ಗಾಡಿ. ರಸ್ತೆಯ ಬದಿಗೆ ಅಂಗಾತ ಬಿದ್ದಿದ್ದ ನನ್ನನ್ನು ಕಂಡು ಹೋಗಿಬರುವವರು ಅಪಘಾತ ಎಂದುಕೊಂಡು ಗಾಡಿ ನಿಲ್ಲಿಸಿದರು. ಅವರ ಊಹೆ ಪೂರ್ತಿ ತಪ್ಪೂ ಆಗಿರಲಿಲ್ಲ.

೨೪ ಡಿಸೆಂಬರ್, ಮಂಗಳವಾರ

ಶೋರೂಮಿನಲ್ಲಿ ಒಂದು ತಾಸು ಮಾತಾಡಿದೆ. ನನಗೆ ಹಳೆ ಸ್ಟಾಕು ಕಟ್ಟಿದ್ದಾರೆ, ಮಳೆಯಲ್ಲಿ ನಿಲ್ಲಿಸಿದ್ದನ್ನು ಒರೆಸಿ ಕೊಟ್ಟಿದ್ದಾರೆ ಎಂದು ವಾದಿಸಿದೆ. ಸರ್ವೀಸಿನ ಹುಡುಗ ಬಹಳ ಮರ್ಯಾದೆಯಿಂದ ಕೇಳಿದ:

“ಏನ್ ಲೋಡ್ ಹಾಕ್ತೀರಿ ಸರ್?”

“ಒಣದ್ರಾಕ್ಷಿ. ದೇವರಿಗೆ ಏರಸೋ ಮಾಲು.”

ಅವನು ತಗಡಿನ ಸಂದಿಗೆ ಸ್ಪ್ಯಾನರಿನಿಂದ ತಟ್ಟಿದ. ಪಟಪಟ ಎಂದು ಒಂದು ಮುಷ್ಟಿ ಕರಿ ಹಿಕ್ಕಿ ಅವನ ಬೂಟಿನ ಮೇಲೆ ಉದುರಿತು.

“ಇದು ಯಾವ ಗ್ರೇಡ್ ರಿ?” ಎಂದ.

ಅಲ್ಲಿದ್ದವರೆಲ್ಲ ನಕ್ಕರು. ತುಕ್ಕು ಮೇಲ್ಮೈಯಲ್ಲಿ ಮಾತ್ರ ಇದೆ, ಆದರೆ ವಾರಂಟಿಯಲ್ಲಿ ಬರುವುದಿಲ್ಲ ಎಂದು ಕಳಿಸಿದರು. ದಾರಿಯುದ್ದಕ್ಕೂ ಸಿಟ್ಟು. ಆದರೆ ಸಿಟ್ಟಿಗೆ ಈಗ ಒಂದು ವಿಳಾಸ ಸಿಕ್ಕಿತ್ತು: ಕುರಿ ಉಚ್ಚೆ.

೨೯ ಡಿಸೆಂಬರ್, ರವಿವಾರ

ಬಸ್ಸು ಹಿಡಿದು ಜೈನಾಪುರಕ್ಕೆ ಹೋದೆ. ಬರುವಾಗ ಗಾಡಿ ತಂದೆ. ನಡುವೆ ಆದದ್ದನ್ನು ಬರೆಯಬಾರದು ಎಂದುಕೊಂಡೇ ಬರೆಯುತ್ತಿದ್ದೇನೆ.

ಸಂತೆಯಿಂದ ಆಗಷ್ಟೇ ಬಂದು ಅಮೋಘಸಿದ್ದ ಕಟ್ಟೆಯ ಮೇಲೆ ಕೂತಿದ್ದ. ಚಹಾ ಬರುವ ಮೊದಲೇ ಶುರುಮಾಡಿದೆ.

“ಬೀಗರ, ಗಾಡಿ ತಳ ನೋಡೀರೇನು?”

“ತಳಾ ಯಾಕ ನೋಡ್ಲಿರಿ? ನಾ ಮ್ಯಾಲೆ ಕುಂದರತೇನಿ.”

“ಜಂಗ ಹಿಡದೈತಿ. ನಿಮ್ಮ ಕುರಿ ಉಚ್ಚಿ ತಳಕ್ಕ ಇಳದೈತಿ.”

ಅವನು ನಕ್ಕ. ನಾನು ನಗಲಿಲ್ಲವೆಂದು ನೋಡಿ ಗಂಭೀರವಾದ. “ಹೊಲ್ದಾಗ ಒಂದ ರಾತ್ರಿ ನಮ್ಮ ಕುರಿ ತರಬಿ ನಿಲ್ಲಿಸಿದ್ರ ರೈತರು ಜ್ವಾಳಾ ಕೊಟ್ಟು ಕಳಸ್ತಾರ್ರಿ, ಉಚ್ಚಿ ಹಿಕ್ಕಿ ಬಿದ್ದು ಗೊಬ್ಬರ ಆಗಲಿ ಅಂತ. ನಿಮ್ಮ ತಗಡಿಗೆ ಬಿದ್ರ ತಪ್ಪಾತೇನು?”

ಅಲ್ಲಿಗೆ ನಿಲ್ಲಿಸಿದ್ದರೆ ಚಹಾ ಕುಡಿದು ಬರುತ್ತಿದ್ದೆ. ಮಾತು ನನ್ನ ಬಂಡವಾಳ; ಬಂಡವಾಳ ಸುಮ್ಮನೆ ಇಡಬಾರದು ಎಂಬ ಚಟ.

“ನಿಮಗ ರೂಢಿ ಆಗೇತಿ ಬೀಗರ, ವಾಸನಿ ಗೊತ್ತಾಗಾಂಗಿಲ್ಲ.”

ಒಳಗಿನಿಂದ ಬರುತ್ತಿದ್ದ ಚಹಾದ ತಟ್ಟೆ ಬಾಗಿಲಲ್ಲೇ ನಿಂತಿತು. ಅಮೋಘಸಿದ್ದ ಎದ್ದು ಗಾಡಿಯ ಕೀಲಿಯನ್ನು ಕಟ್ಟೆಯ ಮೇಲಿಟ್ಟ. ಕೈಗೆ ಕೊಡಲಿಲ್ಲ.

“ಈ ವಾಸನಿ ಮನಿಗೇ ನಿಮ್ಮ ಮಗಳ್ನ ಕೊಡಾಕತ್ತೀರಿ. ಇನ್ನೊಮ್ಮಿ ವಿಚಾರ ಮಾಡ್ರಿ. ನಾವೂ ಮಾಡ್ತೇವಿ.”

ಗಾಡಿ ಪೂರ್ತಿ ನನ್ನ ಅಂಗಳದಲ್ಲಿದೆ. ಅರ್ಧ ಗಾಡಿಯ ಮಾಲೀಕ ಒಂದೇ ಮಾತಿಗೆ ಇಡೀ ಗಾಡಿ ಸಂಪಾದಿಸಿದ. ಮಹಾನಂದಾ ಊಟಕ್ಕೆ ಎಬ್ಬಿಸಲಿಲ್ಲ.

೧ ಜನವರಿ ೨೦೨೫

ಉಪಾಯ ಹೊಳೆದಿದೆ. ಫೆಬ್ರುವರಿವರೆಗೆ ಗಾಡಿ ನನ್ನಲ್ಲೇ ಇರುತ್ತದೆ. ಒಂದು ಕುರಿಯ ಕೂದಲೂ ಒಳಗೆ ಬೀಳಬಾರದು. ಮುಂಜಾನೆ ಸಂಜೆ ಎರಡೂ ಹೊತ್ತು ತಳ ತೊಳೆಯುತ್ತೇನೆ. ತುಕ್ಕು ಅಲ್ಲಿಗೆ ನಿಲ್ಲುತ್ತದೆ. ಆಮೇಲೆ ನಾಲ್ಕು ಮಂದಿಯ ಮುಂದೆ ಕರೆದು ತೋರಿಸುತ್ತೇನೆ: ಕುರಿ ಹೋಯಿತು, ತುಕ್ಕೂ ಹೋಯಿತು. ಅವನು ಬಾಯಿ ಮುಚ್ಚುತ್ತಾನೆ, ನಾನು ದೊಡ್ಡ ಮನಸ್ಸಿನಿಂದ ಮನ್ನಿಸುತ್ತೇನೆ, ಲಗ್ನವೂ ಆಗುತ್ತದೆ. ಇಷ್ಟು ಸರಳ.

೯ ಜನವರಿ, ಗುರುವಾರ

ಗಾಡಿಯ ಕೆಳಗಿದ್ದೆ. ಸುಧಾರಾಣಿಯ ಪಾದ ಕಂಡವು. ಆಮೇಲೆ ಅವಳು ಕುಕ್ಕರಗಾಲಲ್ಲಿ ಕೂತು ಬಗ್ಗಿ ನೋಡಿದಳು.

“ಅಪ್ಪಾ, ಒಂದ ಮಾತು ಕೇಳ್ಲೇನು?”

“ಕೇಳವಾ.”

“ಈ ಗಾಡಿ ತಳಾ ಇಷ್ಟ ನೋಡ್ತಿ. ಅಪ್ಪುನ ಮಾರಿ ಒಮ್ಮೆರ ಸರಿಯಾಗಿ ನೋಡೀಯೇನು?”

“ನೋಡೇನಲ್ಲ, ನಿಶ್ಚೇದ ದಿನಾ.”

“ಅವತ್ತ ಪೂರಾ ಗಾಡಿ ಸುದ್ದಿನ ಮಾತಾಡಿದಿ.”

ಬೋಲ್ಟೊಂದನ್ನು ಒರೆಸುತ್ತ ಕೇಳಿದೆ, “ಫೋನ್ ಮಾಡ್ತಾನೇನು ಅಂವಾ?”

“ದಿನಾ ಮಾಡ್ತಿದ್ದಾ. ಅವರಪ್ಪಗ ಅವಮಾನ ಆಗೇತಂತ. ಈಗ ಮಾಡಾಂಗಿಲ್ಲ.”

ಅಷ್ಟು ಹೇಳಿ ಎದ್ದು ಹೋದಳು. ಬ್ಯಾಂಕು ಪರೀಕ್ಷೆಗೆ ಓದುವ ಹುಡುಗಿ. ಅಳಲೂ ಇಲ್ಲ, ಕೂಗಾಡಲೂ ಇಲ್ಲ. ಅತ್ತಿದ್ದರೆ ಸಮಾಧಾನ ಹೇಳುತ್ತಿದ್ದೆ, ಅದಕ್ಕೆ ನನ್ನ ಹತ್ತಿರ ಮಾತಿದ್ದವು. ಅವಳು ಹೋದಮೇಲೂ ಪಂಪು ಬಹಳ ಹೊತ್ತು ನಡೆಯಿತು. ಏನು ತೊಳೆದೆನೋ ನೆನಪಿಲ್ಲ.

೧೪ ಜನವರಿ, ಸಂಕ್ರಮಣ

ಬೀಗರ ಮನೆಯಿಂದ ಕುಸುರೆಳ್ಳು ಬರಲಿಲ್ಲ. ನಾವೂ ಕಳಿಸಲಿಲ್ಲ. ಮಹಾನಂದಾ ಡಬ್ಬಿ ತುಂಬಿಟ್ಟಿದ್ದಳು. ಡಬ್ಬಿ ಕಪಾಟಿನ ಮೇಲಿದೆ.

೨ ಫೆಬ್ರುವರಿ, ರವಿವಾರ

ಈ ಸಂಬಂಧ ಕೂಡಿಸಿದ ದೇವಾನಂದ ಮನೆಗೆ ಬಂದಿದ್ದ. ಮುರಿದರೆ ಅವನ ಹೆಸರೂ ಮುರಿಯುತ್ತದೆ. ಅದಕ್ಕಾಗಿ ಅವನ ಮುಖ ನನಗಿಂತ ಇಳಿದಿತ್ತು.

“ಸಂಗಣ್ಣಾರ, ಜೈನಾಪುರದವ್ರು ಬ್ಯಾರೆ ಕಡೆ ಹೆಣ್ಣು ನೋಡ್ರಿ ಅಂತ ಅಂದಿಲ್ಲ ಇನ್ನ. ಆದ್ರ ಅನ್ನೂದಿಲ್ಲ ಅಂತನೂ ನಾ ಹೇಳಾಂಗಿಲ್ಲ.”

“ಮುಂದಿನ ರವಿವಾರ ಸಾದಿಕನ ಪೇಂಟಿಂಗ್ ಗ್ಯಾರೇಜಿಗೆ ಬೀಗರನ್ನ ಕರಕೊಂಡು ಬಾ. ಅಲ್ಲೆ ಹೊಂಡ ಐತಿ. ಗಾಡಿ ಮ್ಯಾಲ ನಿಲ್ಲಸೋಣ, ಎಲ್ಲಾರೂ ಕೆಳಗ ಇಳದು ನೋಡ್ಲಿ. ಕಣ್ಣಾರೆ ಕಂಡ ಮ್ಯಾಲೆ ಮಾತು ಇರಾಂಗಿಲ್ಲ.”

ಎದೆ ಉಬ್ಬಿಸಿ ಹೇಳಿದೆ. ಒಂದು ತಿಂಗಳಿಂದ ಒಂದು ಹಿಕ್ಕಿ ಕೂಡ ಗಾಡಿಗೆ ಬಿದ್ದಿಲ್ಲವಲ್ಲ.

೫ ಫೆಬ್ರುವರಿ, ಬುಧವಾರ

ಮಧ್ಯಾಹ್ನ ಗೆಲುವಿನ ಮೆರವಣಿಗೆಗೆಂದು ಗಾಡಿಯ ಕೆಳಗೆ ಹೊಕ್ಕೆ. ಟಾರ್ಚು ಹಚ್ಚಿದೆ. ಡಿಸೆಂಬರದಲ್ಲಿ ಚುಕ್ಕಿ ಚುಕ್ಕಿ ಇದ್ದದ್ದು ಈಗ ಚಾಸಿಯ ಉದ್ದಕ್ಕೂ ಹಬ್ಬಿದೆ. ಪುಡಿ ಉದುರಿ ಕಣ್ಣಿಗೆ ಬಿತ್ತು. ತಿಂಗಳಿಂದ ಒಂದೇ ಒಂದು ಕುರಿಯೂ ಹತ್ತದ ಗಾಡಿ.

ತುಕ್ಕಿನ ಅಂಚಿನಲ್ಲಿ ಬಿಳಿ ಗೆರೆಗಳಿದ್ದವು. ಮುಂಜಾನೆ ತೊಳೆದ ನೀರು ಒಣಗಿ ಕೂತದ್ದು. ದ್ರಾಕ್ಷಿ ದಲಾಲಿಯ ಕೈ ಏನು ಮುಟ್ಟಿದರೂ ಬಾಯಿಗೆ ಹೋಗುತ್ತದೆ. ಯೋಚನೆ ಮಾಡದೆ ಬೆರಳು ನೆಕ್ಕಿದೆ.

ಉಪ್ಪು.

ಕೆಳಗೇ ಮಲಗಿ ಅಂಗಳದತ್ತ ನೋಡಿದೆ. ನಾನು ಗಾಡಿ ತೊಳೆಯುವ ಜಾಗದ ಪಕ್ಕದ ಗೇಟು ನಮ್ಮದೇ. ಅದರ ಕಬ್ಬಿಣದ ಕಾಲು ತುಕ್ಕು ತಿಂದು ಇಲಿ ಕಡಿದ ರೊಟ್ಟಿಯಂತಾಗಿದೆ. ದಿನಾ ಆ ಗೇಟು ತೆಗೆದು ಹಾಕುತ್ತೇನೆ.

ಮಹಾನಂದಾಳಿಗೆ ಹೇಳಿದೆ. ಹೇಳುವವರೆಗೆ ಅವಳು ಸೊಪ್ಪು ಸೋಸುತ್ತಿದ್ದಳು, ಹೇಳಿದಮೇಲೂ ಸೋಸಿದಳು.

“ಬೋರಿನ ನೀರು ಸವಳು ಅಂತ ಓಣಿ ಕೂಸಿಗೂ ಗೊತ್ತೈತಿ. ಬ್ಯಾಳಿ ಕುದ್ಯಾಂಗಿಲ್ಲ, ಸಾಬಾಣ ನೊರಿ ಬಿಡಾಂಗಿಲ್ಲ. ಅದಕ್ಕ ನಾ ನಳದ ನೀರಿಗೆ ಬಡದಾಡತೇನಿ. ಗಾಡಿಗೆ ಈ ನೀರು ಹೊಡೀಬ್ಯಾಡ್ರಿ ಅಂದ್ರ ಏನಂದ್ರಿ ನೀವು? ಗಾಡಿ ಏನ್ ಬ್ಯಾಳಿ ಉಣತೈತೇನು ಅಂದ್ರಿ.”

ಅಂದದ್ದು ನಿಜ. ನಕ್ಕೂ ಇದ್ದೆ.

ಮೂರು ತಿಂಗಳು ನನ್ನ ಕೈಯಿಂದ, ನನ್ನ ಪಂಪಿನಿಂದ, ಒಂದು ಸಂದಿಯನ್ನೂ ಬಿಡದೆ ಹೊಸ ಗಾಡಿಗೆ ಉಪ್ಪಿನ ನೀರು ಕುಡಿಸಿದ್ದೇನೆ. ಅಮೋಘಸಿದ್ದ ತೊಳೆಯದೆ ಧೂಳಿನಲ್ಲೇ ಬಿಟ್ಟಿದ್ದರೆ ಗಾಡಿ ಬದುಕುತ್ತಿತ್ತು. ಅವನು ಬಿಟ್ಟೇ ಇದ್ದ. ನಾನೇ ಬಿಡಲಿಲ್ಲ.

೬ ಫೆಬ್ರುವರಿ, ಗುರುವಾರ

ದಾರಿಗಳು ಇವೆ. ಸಾದಿಕನಿಗೆ ಹೇಳಿ ಇವತ್ತೇ ತಳಕ್ಕೆ ಕರಿ ಬಣ್ಣ ಹೊಡೆಸಬಹುದು. ಅಥವಾ ಸುಮ್ಮನಿರಬಹುದು. ಕುರಿಯ ಮೇಲಿನ ಅನುಮಾನ ಹಾಗೇ ಇದೆ. ಕುರಿ ಬಂದು ಇಲ್ಲ ಅನ್ನುವುದಿಲ್ಲ. ಯಾವ ಕಡೆಯಿಂದ ಲೆಕ್ಕ ಹಾಕಿದರೂ ಸುಮ್ಮನಿರುವುದೇ ಲಾಭ.

ಸುಧಾರಾಣಿ ಓದಲು ಕೂತಿದ್ದಾಳೆ. ಅರ್ಧ ತಾಸಿನಿಂದ ಪುಟ ಮಗುಚಿಲ್ಲ.

೯ ಫೆಬ್ರುವರಿ, ರವಿವಾರ

ಬೀಗರು ನನಗಿಂತ ಮೊದಲೇ ಬಂದಿದ್ದರು. ತೊಳೆದ ಧೋತರ, ಇಸ್ತ್ರಿ ಅಂಗಿ, ತಲೆಗೆ ರುಮಾಲು. ಕೊನೆಯ ಸಲ ಆ ಬಟ್ಟೆ ನೋಡಿದ್ದು ನಿಶ್ಚಯದ ದಿನ. ದೇವಾನಂದ ನಡುವೆ ನಿಂತಿದ್ದ. ಸಾದಿಕ ಗಾಡಿಯನ್ನು ಹೊಂಡದ ಮೇಲೆ ನಿಲ್ಲಿಸಿದ.

ಯಾರೂ ಕೆಳಗೆ ಇಳಿಯುವ ಮೊದಲೇ ಬೀಗರು ಮಾತು ಶುರುಮಾಡಿದರು. ನನ್ನನ್ನು ನೋಡಲಿಲ್ಲ, ಚಕ್ರವನ್ನು ನೋಡಿ ಮಾತಾಡಿದರು.

“ನೋಡೂದು ಏನಿಲ್ರಿ. ತಪ್ಪು ನಂದ. ಕುರಿ ಹೇರೂ ಮುಂದ ಕೆಳಗ ತಾಡಪಾಲ ಹಾಸಬೇಕಿತ್ತು, ಹಾಸಲಿಲ್ಲ. ಸಾದಿಕಂದು ಏನ ಖರ್ಚ ಆಕ್ಕೈತಿ ನಾ ಕೊಡ್ತೇನಿ. ಇನ್ನ ಮ್ಯಾಲ ಈ ಗಾಡ್ಯಾಗ ಒಂದ ಕುರಿ ಏರಾಂಗಿಲ್ಲ. ಹುಡುಗೂರ ಲಗ್ನ ಆಗಲಿ.”

ನಾನು ನಾಲ್ಕು ದಿನದಿಂದ ಯಾವ ಮಾತು ಆಡಲಿ ಎಂದು ತೂಗುತ್ತಿದ್ದೆ. ಅವರು ನನ್ನ ಗೆಲುವನ್ನು ತಾವೇ ಹೊತ್ತು ತಂದು ಮುಂದಿಟ್ಟರು. ನಾನು ‘ಆಗಲಿ ಬಿಡ್ರಿ’ ಎಂದರೆ ಮುಗಿಯಿತು. ಆ ಎರಡು ಶಬ್ದ ಬಾಯಿಗೂ ಬಂದವು. ಆದರೆ ಕುರಿಯಿಂದ ಬದುಕಿದ ಮನುಷ್ಯ ಕುರಿ ಏರಿಸುವುದಿಲ್ಲ ಎಂದು ಚಕ್ರಕ್ಕೆ ಹೇಳುತ್ತಿದ್ದ, ಅದೂ ನನ್ನ ಮಗಳಿಗೋಸ್ಕರ.

“ಕುರಿದಲ್ರಿ ಬೀಗರ,” ಎಂದೆ. “ನಂದು. ನಮ್ಮ ಬೋರಿನ ನೀರು ಸವಳು. ಅದರಾಗ ದಿನಾ ತೊಳದೇನಿ. ಜಂಗ ಹಿಡಿಸಿದಾಂವ ನಾ.”

ಸಾದಿಕ ಹೊಂಡಕ್ಕೆ ಇಳಿದ. ಆಮೇಲೆ ದೇವಾನಂದ ಬಂದು ನನ್ನ ಕೈ ಹಿಡಿದುಕೊಂಡ. ಅವನ ಕಣ್ಣು ಒದ್ದೆಯಾಗಿದ್ದವು.

“ನೋಡ್ರಿ, ಮನಸ್ಸು ಅಂದ್ರ ಇದು. ಬೀಗರ ಮರ್ಯಾದಿ ಉಳಸಾಕ ತಪ್ಪು ತನ್ನ ಮ್ಯಾಲ ಹಾಕ್ಕೊಂಡ್ರು.”

“ಹಾಕ್ಕೊಂಡಿಲ್ಲೋ ಮಾರಾಯಾ, ನಂದ ಐತಿ. ಮನಿಗೆ ಬಾ, ಆ ನೀರು ಕುಡದು ನೋಡು.”

“ಸಾಕ ಬಿಡ್ರಿ ಸಂಗಣ್ಣಾರ, ಎಷ್ಟಂತ ಇಳೀತೀರಿ?”

ಮೂವತ್ತು ವರ್ಷ ದಲಾಲಿಯಲ್ಲಿ ಹುಳಿ ಮಾಲನ್ನು ಸಿಹಿ ಎಂದಿದ್ದೇನೆ, ಜನ ನಂಬಿದ್ದಾರೆ. ಇವತ್ತು ಬಾಯಿ ನೋಯುವಷ್ಟು ನಿಜ ಹೇಳಿದೆ, ಒಬ್ಬನೂ ನಂಬಲಿಲ್ಲ. ಹೇಳಿದಷ್ಟೂ ನಾನು ದೊಡ್ಡವನಾಗುತ್ತ ಹೋದೆ, ಬೀಗರು ಕುಗ್ಗುತ್ತ ಹೋದರು. ಕೊನೆಗೆ ಸಾದಿಕ ತಂತಿ ಬ್ರಶ್ಶು ಹಿಡಿದು ಹೊಂಡದಿಂದ ತಲೆ ಎತ್ತಿದ.

“ಇಬ್ರೂ ನಂದು ನಂದು ಅಂತೀರಿ. ಕೆರದು ರೆಡ್ ಆಕ್ಸೈಡ್ ಹೊಡೀಲೋ, ಇಲ್ಲಾ ಅದಕ್ಕೂ ಪಂಚಾಯ್ತಿ ಐತೇನು?”

೧೪ ಫೆಬ್ರುವರಿ, ಶುಕ್ರವಾರ

ತಳ ಕೆರೆದು, ಕೆಂಪು ಹೊಡೆದು, ಮೇಲೆ ಕರಿ ಲೇಪ ಹಾಕಿ ಸಾದಿಕ ಗಾಡಿ ಕೊಟ್ಟ. ತುಕ್ಕು ಒಳಗೆ ಇಳಿದಿರಲಿಲ್ಲವಂತೆ.

ಟಿಕೋಟಾಕ್ಕೆ ಹೋದರೆ ಅಲ್ಲಿಯ ತೋಟದವನೊಬ್ಬ ಎದ್ದು ನಿಂತು ನಮಸ್ಕಾರ ಮಾಡಿದ. ನನ್ನ ದೊಡ್ಡತನದ ಸುದ್ದಿ ಬಬಲೇಶ್ವರ ದಾಟಿದೆ. ಬೀಗರ ಸುದ್ದಿಯೂ ದಾಟಿದೆ: ನಿನ್ನೆ ಗುರುವಾರ ಅವರ ಪಾಳಿ, ಗಾಡಿ ಒಯ್ಯಲು ಬರಲಿಲ್ಲ. ಸಂತೆಗೆ ಬಾಡಿಗೆ ಗಾಡಿ ಹೇಳಿದ್ದಾರಂತೆ. ಅಪ್ಪು ಮಗಳಿಗೆ ಫೋನು ಮಾಡಿ, “ನಮ್ಮಪ್ಪ ಊಟ ಸರಿ ಮಾಡವಲ್ಲ” ಎಂದನಂತೆ. ಲಗ್ನ ನಿಲ್ಲುವುದಿಲ್ಲ ಈಗ. ಆದರೆ ತಲೆ ತಗ್ಗಿಸಿದ ಮಾವನ ಮನೆಗೆ ನನ್ನ ಮಗಳು ಹೋಗುತ್ತಾಳೆ.

೧೬ ಫೆಬ್ರುವರಿ, ರವಿವಾರ

ಬೆಳಕು ಹರಿಯುವಾಗ ಜೈನಾಪುರದಲ್ಲಿದ್ದೆ. ಬಾಡಿಗೆ ಗಾಡಿ ಇನ್ನೂ ಬಂದಿರಲಿಲ್ಲ. ನಮ್ಮ ಗಾಡಿಯನ್ನು ಹಟ್ಟಿಗೆ ಹಚ್ಚಿ ನಿಲ್ಲಿಸಿ ಹಿಂದಿನ ಬಾಗಿಲು ಇಳಿಸಿದೆ.

“ಹೇರ್ರಿ ಬೀಗರ.”

“ಬ್ಯಾಡ್ರಿ. ಒಮ್ಮಿ ಬ್ಯಾಡ ಅಂದೇನಿ.”

ವಾದ ಮಾಡಿ ಪ್ರಯೋಜನವಿಲ್ಲ ಎಂದು ನಾನೇ ಒಂದು ಟಗರನ್ನು ಎತ್ತಲು ಹೋದೆ. ಕುರಿ ಕಾಯ್ದವನ ಮಗ. ಟಗರಿಗೆ ನನ್ನ ವಂಶಾವಳಿ ಗೊತ್ತಿರಲಿಲ್ಲ. ಒದ್ದಿತು, ನಾನು ಬಿದ್ದೆ, ಬಿದ್ದವನ ಬಿಳಿ ಅಂಗಿಯ ಮೇಲೆ ಅದು ತನ್ನ ಕೆಲಸ ಮುಗಿಸಿತು. ಕೈ ಕಟ್ಟಿ ನೋಡುತ್ತಿದ್ದ ಬೀಗರ ಮೀಸೆ ಸ್ವಲ್ಪ ಅಲುಗಿತು.

ಎದ್ದು ಮುಂದಿನ ಸೀಟಿನಿಂದ ಕ್ಯಾನು ತಂದೆ. ನಮ್ಮ ಬೋರಿನ ನೀರು. ಕುರಿ ಕುಡಿಯುವ ಡೋಣಿಯನ್ನು ಮಗುಚಿ ಖಾಲಿ ಮಾಡಿ ಅದರಲ್ಲಿ ಸುರಿದೆ. ಬಾಯಾರಿದ ಕುರಿಗಳು ನುಗ್ಗಿ ಬಂದವು. ಮೊದಲನೆಯದು ಮೂತಿ ಇಟ್ಟು ತಲೆ ಎತ್ತಿತು. ಎರಡನೆಯದು ಮೂಸಿ ಸೀನಿತು. ಒಂದು ಮರಿ ಎರಡು ಗುಟುಕು ಕುಡಿದು ನನ್ನ ಕಡೆ ನೋಡಿತು, ಅಂಥ ನೋಟ ಶೋರೂಮಿನಲ್ಲೂ ಸಿಕ್ಕಿರಲಿಲ್ಲ. ನೋಡುತ್ತಿದ್ದಂತೆ ಡೋಣಿಯ ಸುತ್ತ ಒಂದೂ ಉಳಿಯಲಿಲ್ಲ.

ಬೀಗರು ಬಗ್ಗಿ ಬೊಗಸೆಯಲ್ಲಿ ತೆಗೆದು ಬಾಯಿಗೆ ಹಾಕಿ, ಉಗುಳಿದರು. ಬಹಳ ಹೊತ್ತು ಡೋಣಿಯನ್ನೇ ನೋಡಿದರು.

“ಖರೇನ ಐತಲ್ರಿ.”

“ಅವತ್ತ ಇದನ್ನ ಹೇಳಿದ್ನಲ್ರಿ ಬೀಗರ.”

“ನಿಮ್ಮ ಮಾತು ಹೆಂಗ ನಂಬೂದ್ರಿ? ನಮ್ಮ ಕುರಿ ಸುಳ್ಳ ಹೇಳಾಂಗಿಲ್ಲ.”

ಎಂದು ನಗಲು ಶುರುಮಾಡಿದರು. ಒಳಗಿನಿಂದ ಅಪ್ಪು ಓಡಿಬಂದ. ಅಗಲ ಹಣೆ, ಅಪ್ಪನ ಮೂಗು, ನಿದ್ದೆಗಣ್ಣು, ಒಳ್ಳೆಯ ಮುಖ. ಏನಾಯಿತೆಂದು ತಿಳಿಯದೆ ಅವನೂ ನಕ್ಕ. ಮೂವರೂ ಸೇರಿ ಕುರಿ ಹೇರಿದೆವು, ಕೆಳಗೆ ತಾಡಪಾಲು ಹಾಸಿ. ಟಗರನ್ನು ಅವರೇ ಎತ್ತಿದರು.

ಸಂತೆಯ ದಾರಿಯಲ್ಲಿ ಕೊಚ್ಚೆಯಾದ ಅಂಗಿಯಲ್ಲೇ, ಗಾಡಿ ನಡೆಸುವ ಬೀಗರ ಪಕ್ಕಕ್ಕೆ ಕೂತಿದ್ದೆ. ಲಗ್ನದ ಮಾತು ತೆಗೆದೆ. ನಮ್ಮ ಕಡೆಯಿಂದ ಯಾವ ಕೊರತೆಯೂ ಆಗುವುದಿಲ್ಲ, ಹಂದರ ಹೀಗೆ, ಊಟ ಹೀಗೆ, ಸಾವಿರ ಮಂದಿ ಬಂದರೂ ಇಬ್ರಾಹಿಂಪುರ ತಡೆದುಕೊಳ್ಳುತ್ತದೆ ಎಂದು ಹಳೆ ಉತ್ಸಾಹದಲ್ಲಿ ಹೇಳುತ್ತ ಹೋದೆ. ಬೀಗರು ಗೇರು ಬದಲಿಸಿ ನಿಧಾನವಾಗಿ ಅಂದರು:

“ಎಲ್ಲಾ ನೀವ ಮಾಡ್ರಿ. ಅಡಗಿಗೆ ನೀರು ಮಾತ್ರ ಗಂಡಿನ ಕಡೆಯವ್ರು ತರ್ತೇವಿ.”

ಮನೆಗೆ ಬಂದು, ಮೈ ತೊಳೆದು, ಇದನ್ನು ಬರೆಯುತ್ತ ಕೂತಿದ್ದೇನೆ. ತೊಳೆದದ್ದು ನಳದ ನೀರಿನಿಂದ.